ಅಜ್ಜಿಗೆ ಅವಸರವಿರಲಿಲ್ಲ

ಬಂಗಾರಪೇಟೆಯ ನಮ್ಮ ಪಕ್ಕದ ಮನೆಯ ತಾರಸಿಯಲ್ಲಿ ಇತ್ತೀಚೆಗೆ ಕೈತೋಟ ಶುರುವಾಗಿದೆ. ನಿವೃತ್ತರಾದ ಮೇಷ್ಟ್ರೊಬ್ಬರು ಹಳೆಯ ಡ್ರಮ್ಮುಗಳಲ್ಲಿ ಮಣ್ಣು ತುಂಬಿ ಟೊಮೆಟೊ, ಬದನೆ ಬೆಳೆಯುತ್ತಾರೆ. ಗಿಡಕ್ಕೆ ಹುಳ ಬಿದ್ದರೆ ಸೋಪಿನ ನೀರಿಗೆ ಹೊಂಗೆ ಎಣ್ಣೆ ಬೆರೆಸಿ ಚಿಮುಕಿಸುತ್ತಾರೆ. ಮೊನ್ನೆ ಬಟ್ಟೆ ಒಣಹಾಕಲು ನಮ್ಮ ತಾರಸಿಗೆ ಹೋದಾಗ ಆ ವಾಸನೆ ಮೂಗಿಗೆ ಬಡಿಯಿತು. ಹೊಂಗೆ ಎಣ್ಣೆಯದು ಒಳ್ಳೆಯ ವಾಸನೆ ಎಂದು ಅದನ್ನು ಮಾರುವವರೂ ಹೇಳಲಾರರು. ಕಹಿಯಾಗಿ, ಸ್ವಲ್ಪ ಕಮಟಾಗಿ ಬಂದು ಗಂಟಲಲ್ಲಿ ಕೂತುಬಿಡುತ್ತದೆ. ನನಗೆ ಮಾತ್ರ ಅದು ಇಂದಿಗೂ ದೇವರ ವಾಸನೆ. ಹೀಗೆಂದರೆ ಮೇಷ್ಟ್ರು ನಗುತ್ತಾರೆ ಎಂದು ಸುಮ್ಮನಾದೆ. ಒದ್ದೆ ಬಟ್ಟೆಯ ಬಕೆಟ್ಟನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನಿಮ್ಮಲ್ಲೂ ಇಂಥದೊಂದು ವಾಸನೆ ಇರುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುವಂಥದ್ದು, ನಿಮಗೆ ಒಂದು ಇಡೀ ಮನೆ.

ಆ ಮನೆ ಚಿನ್ನದ ಗಣಿಯ ಉರಿಗಾಂನಲ್ಲಿತ್ತು. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮ್ಮದು ಕೊನೆಯದು. ಅಜ್ಜ ಗಣಿಗಿಳಿಯುತ್ತಿದ್ದ ಕಾಲದಲ್ಲಿ ಸಿಕ್ಕಿದ್ದು. ಮುಂದೆ ಗಣಿಯೂ ಹೋಯಿತು, ಅಜ್ಜನೂ ಹೋದ, ಮನೆ ಮಾತ್ರ ಉಳಿಯಿತು. ತಗಡಿನ ಮಾಡು, ಬೇಸಿಗೆಯಲ್ಲಿ ಕಾವಲಿ. ಗಾಳಿ ಎದ್ದರೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದಿಂದ ಬೂದಿಯಂಥ ಧೂಳು ಬಂದು ಮುಚ್ಚಿಟ್ಟ ಅನ್ನದ ಮೇಲೂ ಕೂರುತ್ತಿತ್ತು. ಹಿಂದುಗಡೆ ಅಜ್ಜ ತನ್ನ ಕೈಯಾರೆ ಮಣ್ಣಿನ ಗೋಡೆ ಎಬ್ಬಿಸಿ ಒಂದು ಅಡುಗೆಮನೆ ಮಾಡಿಕೊಂಡಿದ್ದ. ಆ ಗೋಡೆಯ ಆಚೆ ಮಗ್ಗುಲಲ್ಲಿ ಒಂದು ಗೂಡು, ಗೂಡಿನಲ್ಲಿ ಅಜ್ಜಿಯ ವೆಂಕಟರಮಣ. ವರ್ಷಗಟ್ಟಲೆ ಹೊಂಗೆ ಎಣ್ಣೆಯ ಹೊಗೆ ಕುಡಿದು ಆ ಪಟದಲ್ಲಿ ಸ್ವಾಮಿಯ ಮುಖ, ಕೈ, ಕಿರೀಟ ಎಲ್ಲ ಕಪ್ಪಾಗಿ ಬರೀ ನಾಮ ಉಳಿದಿತ್ತು. ಒಮ್ಮೆ ಅಮ್ಮ ಬೇಸತ್ತು ಥಳಥಳ ಹೊಳೆಯುವ ಹೊಸ ಪಟ ತಂದಳು. ಅಜ್ಜಿ ಅದಕ್ಕೆ ಕೈಮುಗಿದು, ನಡುಮನೆಯಲ್ಲಿ ಮೊಳೆ ಹೊಡೆಸಿ ತೂಗುಹಾಕಿಸಿದಳು. "ಇವ್ನು ನಿಮ್ಗೆ. ಅವ್ನು ನಂಗೆ," ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಜ್ಜಿ ಕಾಮಸಮುದ್ರದಾಚೆ, ಆಂಧ್ರದ ಗಡಿ ದಾಟಿದ ಕೂಡಲೇ ಸಿಗುವ ಒಂದು ಹಳ್ಳಿಯವಳು. ಮದುವೆಯಾಗಿ ಕನ್ನಡದ ಮನೆಗೆ ಬಂದವಳು ನಮ್ಮೆಲ್ಲರ ಜೊತೆ ಕನ್ನಡವನ್ನೇ ಆಡುತ್ತಿದ್ದಳು. ಪಕ್ಕದ ಮನೆಯ ಸೆಲ್ವಿ ಅಕ್ಕನ ಜೊತೆ ತಮಿಳು. ತವರಿನ ತೆಲುಗನ್ನು ಮಾತ್ರ ಸ್ವಾಮಿಗೆಂದು ಮೀಸಲಿಟ್ಟಿದ್ದಳು. ಅಮ್ಮ ಚನ್ನಪಟ್ಟಣದ ಕಡೆಯವಳು, ತೆಲುಗಿನ ಗಾಳಿ ಸೋಕದವಳು. ಬೀದಿಯಲ್ಲಿ ಆಡುತ್ತಿದ್ದ ನನಗೆ ತಮಿಳು ಬರುತ್ತಿತ್ತು, ತೆಲುಗು ಬರುತ್ತಿರಲಿಲ್ಲ. ಹಾಗಾಗಿ ಮುಸ್ಸಂಜೆ ಗೂಡಿನ ಮುಂದೆ ಅಜ್ಜಿ ಏನು ಮಾತಾಡುತ್ತಾಳೆ ಎಂಬುದು ನಮ್ಮಿಬ್ಬರಿಗೂ ಅರ್ಧಂಬರ್ಧ. ಅದೇನು ಉದ್ದದ ಮಂತ್ರವೂ ಅಲ್ಲ. ದೀಪ ಹಚ್ಚುತ್ತಿದ್ದಳು, ತುಳಸಿಯ ಜೊತೆ ಒಂದು ಚೂರು ಬೆಲ್ಲ ಇಡುತ್ತಿದ್ದಳು, ಕಣ್ಣು ಮುಚ್ಚಿ ಮೆಲ್ಲಗೆ "ಏಮೀ ಅವಸರಂ ಲೇದು ಸಾಮೀ, ನುವ್ವುಂಡು" ಅನ್ನುತ್ತಿದ್ದಳು. ಅಷ್ಟೇ. 'ಲೇದು' ಅಂದರೆ 'ಇಲ್ಲ' ಎಂದು ನನಗೂ ಗೊತ್ತಿತ್ತು. ಅವಸರ ಇಲ್ಲ ಸ್ವಾಮಿ, ನೀನು ಉಂಡುಕೋ. ಎದುರಿಗೆ ಬೆಲ್ಲ ಇಟ್ಟು ನಿಧಾನವಾಗಿ ತಿನ್ನು ಅನ್ನುತ್ತಿದ್ದಾಳೆ ಎಂದು ಅರ್ಥ ಮಾಡಿಕೊಂಡಿದ್ದೆ. ದೇವರೂ ನಮ್ಮಂತೆ ಗಬಗಬ ತಿನ್ನುತ್ತಾನೇನೋ ಎಂದು ಗೂಡಿನ ಕತ್ತಲನ್ನು ಇಣುಕಿದ್ದೂ ಉಂಟು.

ಅವಸರ ಇಲ್ಲದ್ದು ಆ ಮನೆಯಲ್ಲಿ ಅಜ್ಜಿಯೊಬ್ಬಳಿಗೇ. ಅಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಾಡಿಯನ್ನು ಉರಿಗಾಂನಲ್ಲಿ ಹಿಡಿಯಲು ನಾನು ಏಳುವ ಮೊದಲೇ ಓಡುತ್ತಿದ್ದ, ನಾನು ಮಲಗಿದ ಮೇಲೆ ಬರುತ್ತಿದ್ದ. ನನಗೂ ತಮ್ಮನಿಗೂ ಅಪ್ಪ ಎಂದರೆ ಭಾನುವಾರ. ಅಮ್ಮನಿಗೆ ನಲ್ಲಿಯ ಅವಸರ. ಲೈನಿಗೆಲ್ಲ ಒಂದೇ ನಲ್ಲಿ. ನೀರು ಬರುವುದು ಒಂದು ದಿನ ಬಿಟ್ಟು ಒಂದು ದಿನ, ಅದೂ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ಲೈನಿಗೆ ಲೈನೇ ಬಿಂದಿಗೆ ಹಿಡಿದು ಓಡುವಾಗ ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದಳು. ಬಿಂದಿಗೆ ಹಿಡಿಯಲು ಇನ್ನೊಂದು ಕೈ ಇದ್ದಿದ್ದರೆ ಎಷ್ಟೋ ಆಗುತ್ತಿತ್ತು. ಆದರೆ ದೀಪದ ಹೊತ್ತನ್ನು ಅಜ್ಜಿ ಯಾವುದಕ್ಕೂ ಬಿಟ್ಟುಕೊಡುತ್ತಿರಲಿಲ್ಲ. ಮುದುಕಿ ಕೆಲಸಗಳ್ಳಿಯಲ್ಲ, ದೀಪ ಆದಮೇಲೆ ಇಡೀ ಮನೆಯ ಪಾತ್ರೆ ತಿಕ್ಕುತ್ತಿದ್ದಳು. ದೀಪ ಮೊದಲು, ಮಿಕ್ಕಿದ್ದು ಆಮೇಲೆ ಎಂಬುದನ್ನು ಯಾರ ಜೊತೆಗೂ ವಾದಕ್ಕಿಟ್ಟವಳಲ್ಲ. ಸುಮ್ಮನೆ ಹಾಗೆ ಬದುಕುತ್ತಿದ್ದಳು, ಅದರಿಂದಾಗಿ ಅಮ್ಮನಿಗೆ ಜಗಳವಾಡಲೂ ಜಾಗ ಸಿಗುತ್ತಿರಲಿಲ್ಲ. ಸೆಲ್ವಿ ಅಕ್ಕ ಮಗನ ಪರೀಕ್ಷೆ ಬಂದಾಗ, "ಪಾಟಿ, ನಿಮ್ಮ ಸಾಮಿಗೆ ಒಂದು ಮಾತು ಹೇಳಿ" ಅಂತ ಬಂದರೆ, ಅಜ್ಜಿ ತುಳಸಿ ಕೊಟ್ಟು, "ನೀನೇ ಏಳ್ಕಳಮ್ಮ, ಅವ್ನಿಗೆ ಕಿವಿ ಚೆನ್ನಾಗೈತೆ" ಎಂದು ಕಳಿಸುತ್ತಿದ್ದಳು.

ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಮನೆ ಮಾರಾಟಕ್ಕಿದೆ ಎಂದು ಅಪ್ಪನಿಗೆ ಯಾರೋ ಗಾಡಿಯಲ್ಲೇ ಹೇಳಿದರು. ಸ್ವಂತ ನಲ್ಲಿ, ಮೊಸಾಯಿಕ್ ನೆಲ. ಬಂಗಾರಪೇಟೆಯಿಂದಾದರೆ ಬೆಂಗಳೂರಿಗೆ ಬೇಕಾದಷ್ಟು ಗಾಡಿ. ಅಪ್ಪ ಬೆಳಗ್ಗೆ ತಡವಾಗಿ ಹೊರಟು ಸಂಜೆ ಬೇಗ ಬರಬಹುದು. ಮಕ್ಕಳು ಎಚ್ಚರವಾಗಿರುವಾಗ ಮನೆಯಲ್ಲಿರುವುದು ಅಪ್ಪನಿಗಿದ್ದ ಒಂದೇ ಆಸೆ. ಅಮ್ಮನಿಗೆ ನಲ್ಲಿಯ ಕನಸು. ಆದರೆ ನಮ್ಮ ಮನೆತನದಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಗಂಗಮ್ಮನ ಗುಡಿಯಲ್ಲಿ ಹೂ ಕೇಳಬೇಕು. ದೇವಿಯ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ಕೇಳುವುದು ಮನೆಗೆ ಹಿರಿಯರಾದವರು. ಅಜ್ಜ ಇರುವ ತನಕ ಅಜ್ಜ ಕೇಳುತ್ತಿದ್ದ. ಈಗ ಉಳಿದವಳು ಅಜ್ಜಿ. ಅಮ್ಮ ಹೇಳಿದಾಗ, "ನಿಮ್ಮಾವ ಕೇಳ್ತಿದ್ರು. ನಾನ್ಯಾವತ್ತೂ ಕೇಳ್ದೋಳಲ್ಲಮ್ಮ" ಅಂದಳು. ಅಮ್ಮ ಬಿಡಲಿಲ್ಲ. ಈ ಶುಕ್ರವಾರ, ಬರೋ ಶುಕ್ರವಾರ ಎಂದು ಹಿಂದೆ ಬಿದ್ದಳು. ಅಜ್ಜಿ "ನೋಡಾಣ" ಅನ್ನುತ್ತಿದ್ದಳು, ಶುಕ್ರವಾರ ಕಳೆದುಹೋಗುತ್ತಿತ್ತು. ಹೂ ಬೀಳದೆ ಅಪ್ಪ ಮುಂಗಡ ಕೊಡಲು ಒಪ್ಪುತ್ತಿರಲಿಲ್ಲ. ಆ ಮನೆಯನ್ನು ಬೇರೆ ಇಬ್ಬರು ಬಂದು ನೋಡಿಕೊಂಡು ಹೋದರು ಎಂಬ ಸುದ್ದಿಯೂ ಬಂತು.

ಇಂಥ ದಿನಗಳಲ್ಲೇ ಒಂದು ಸಂಜೆ ನಲ್ಲಿಯಲ್ಲಿ ನೀರು ಬಂತು. ತಮ್ಮನಿಗೆ ಜ್ವರ, ಅಮ್ಮನ ಕಂಕುಳಲ್ಲಿದ್ದ. ಅಮ್ಮ ಗೋಡೆಯ ಈಚೆಯಿಂದ, "ಅತ್ತೇ, ನೀರು ಬಂತು! ಇವತ್ತೊಂದಿನ ಬಿಂದಿಗೆ ಹಿಡೀರಿ!" ಎಂದು ಕೂಗಿದಳು. ಗೋಡೆಯ ಆಚೆಯಿಂದ ಬಂದದ್ದು ಅದೇ ಮಾತು, ತಣ್ಣಗೆ: "ಏಮೀ ಅವಸರಂ ಲೇದು ಸಾಮೀ, ನುವ್ವುಂಡು." ಅಮ್ಮ ಅಷ್ಟು ವರ್ಷ ಕಿವಿಯ ಮೇಲೆ ಹಾಕಿಕೊಳ್ಳದ ಮಾತನ್ನು ಅವತ್ತು ನಿಂತು ಕೇಳಿದಳು. "ಏನಂದ್ರು ನಿಮ್ಮಜ್ಜಿ?" ಎಂದು ನನ್ನನ್ನು ಕೇಳಿದಳು. ಅವಸರ ಇಲ್ಲವಂತೆ, ಸ್ವಾಮಿ ಉಣ್ಣಬೇಕಂತೆ ಅಂದೆ. ಅಷ್ಟರಲ್ಲಿ ನಲ್ಲಿಯ ಹತ್ತಿರ ಸೆಲ್ವಿ ಅಕ್ಕ ತನ್ನ ಮಕ್ಕಳನ್ನು "ಅವಸರಪ್ಪಡಾದೆ!" ಎಂದು ಗದರುತ್ತಿದ್ದಳು. ತಮಿಳಿನಲ್ಲೂ ಅವಸರ ಅಂದರೆ ಅವಸರವೇ. ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ಅಮ್ಮ ಮಾರನೆಯ ಸಂಜೆಯೂ ಗೋಡೆಗೆ ಕಿವಿಗೊಟ್ಟಳು, ಅದರ ಮಾರನೆಯ ಸಂಜೆಯೂ. ಅವಳ ಲೆಕ್ಕ ಕೂಡಿಬಂತು. ಅಜ್ಜಿಗೆ ಉರಿಗಾಂ ಬಿಡಲು ಇಷ್ಟವಿಲ್ಲ. ಅದಕ್ಕೇ ಹೂ ಕೇಳುತ್ತಿಲ್ಲ. ಅಷ್ಟು ಸಾಲದೆ ದಿನಾ ಸ್ವಾಮಿಯ ಮುಂದೆ ನಿಂತು ಇವರ ಕೆಲಸಕ್ಕೇನೂ ಅವಸರವಿಲ್ಲ, ನೀನು ನಿಧಾನವಾಗಿ ಉಂಡು ಕೈತೊಳೆದುಕೋ ಎನ್ನುತ್ತಿದ್ದಾಳೆ. ದೇವರ ಮನೆಯಲ್ಲೇ ಅಡ್ಡಗಾಲು.

ಅಪ್ಪನಿಗೆ ಇದನ್ನು ಅಮ್ಮ ಅಚ್ಚ ಕನ್ನಡದಲ್ಲಿ ಹೇಳಿದಳು. ಅಪ್ಪನಿಗೆ ತಾಯಿಯ ಭಾಷೆ ಚೆನ್ನಾಗಿ ಗೊತ್ತಿತ್ತು, ಆದರೆ ದೀಪದ ಹೊತ್ತಿಗೆ ಅವನು ಗಾಡಿಯಲ್ಲಿರುತ್ತಿದ್ದ. ಭಾನುವಾರ ಆ ಹೊತ್ತಿಗೆ ಟಿವಿಯಲ್ಲಿ ಸಿನಿಮಾ. ಆ ವಾರ ಅವನು ಸಿನಿಮಾ ನೋಡಲಿಲ್ಲ. ದೀಪಕ್ಕೆ ಇನ್ನೂ ಹೊತ್ತಿತ್ತು, ಅಜ್ಜಿ ಹೊಸ್ತಿಲ ಬಳಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ಅಪ್ಪ ಎದುರಿಗೆ ಕೂತು, "ಅಮ್ಮ, ನಂ ಮನೆ ವಿಷ್ಯ ಮುಂದಕ್ಕಾಕು ಅಂತ ಸಾಮಿಗೆ ಏಳ್ತಿದ್ದೀಯಂತೆ?" ಎಂದು ಕೇಳಿದ. "ನಾನಾ?" ಅಂದಳು ಅಜ್ಜಿ. ನಿಜವಾಗಿಯೂ ಅವಳಿಗೆ ಏನೆಂದು ತಿಳಿದಿರಲಿಲ್ಲ. ಅಪ್ಪ ತಲೆ ಬಗ್ಗಿಸಿಕೊಂಡೇ, "ನನ್ ಮಕ್ಳು ನನ್ನ ಎಚ್ಚರದಾಗೆ ನೋಡಲ್ಲಮ್ಮ. ಅದೊಂದೇ ನಾನು ಕೇಳೋದು. ನಿಂಗೆ ಇಷ್ಟ ಇಲ್ದಿದ್ರೆ ಬ್ಯಾಡ ಅಂತ ಏಳ್ಬಿಡು, ದೇವ್ರ ಮ್ಯಾಲಾಕ್ಬ್ಯಾಡ" ಅಂದ. ಅಜ್ಜಿ ಅವನನ್ನು ನೋಡಿದಳು, ಒಳಗೆ ನಿಂತಿದ್ದ ಅಮ್ಮನನ್ನು ನೋಡಿದಳು. ಅವಳ ಬೆರಳು ಹುಣಸೆಯ ನಾರಿನಲ್ಲಿ ಅಂಟಿಕೊಂಡಿತ್ತು. ವಾದ ಮಾಡಿದ್ದರೆ ಒಂದು ಮಾತಿನಿಂದ ಇನ್ನೊಂದು ಮಾತಿಗೆ ಹೋಗಿ ಅಂದೇ ಎಲ್ಲ ಬಿಡಿಸಿಕೊಳ್ಳುತ್ತಿತ್ತೇನೋ. ಅವಳು ಅನ್ನಿಸಿಕೊಂಡದ್ದಕ್ಕೆ ಉತ್ತರ ಕೊಡುವ ಪೈಕಿಯವಳಲ್ಲ. "ಬರೋ ಶುಕ್ರವಾರ ಓಗಿಬತ್ತೀನಿ ಬಿಡಪ್ಪ" ಅಂದಳು.

ಆ ಶುಕ್ರವಾರ ಅಮ್ಮನ ಜೊತೆ ನಾನೂ ಗುಡಿಗೆ ಹೋಗಿದ್ದೆ. ಪೂಜಾರಿ ದೇವಿಯ ಭುಜಗಳಿಗೆ ಎರಡು ಕಣಗಿಲೆ ಹೂ ಅಂಟಿಸಿ, "ಕೇಳ್ಕಳಮ್ಮ" ಅಂದರು. ಅಜ್ಜಿ ಕೈಮುಗಿದು ನಿಂತವಳು ಅತ್ತಿತ್ತ ನೋಡಿ, "ಏನಂತ ಕೇಳೋದಪ್ಪ?" ಎಂದು ಕೇಳಿದಳು. ಪೂಜಾರಿಗೆ ನಗು. ಅಷ್ಟು ವಯಸ್ಸಾದವಳಿಗೆ ದೇವರನ್ನು ಕೇಳಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? "ಮನಸ್ಸಲ್ಲಿ ಏನಿದೆಯೋ ಅದನ್ನ ಕೇಳಿ" ಅಂದರು. ಅಜ್ಜಿ ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದವಳಂತೆ ಸಂಕೋಚಪಟ್ಟುಕೊಂಡು, ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ನನ್ ಮಗ ಬಂಗಾರಪೇಟೆಗೆ ಓಗ್ಬೇಕಂತಾನೆ ಕಣವ್ವ. ಮಕ್ಳು ಮಕ ನೋಡ್ಬೇಕಂತೆ. ಕೊಡವ್ವ." ಹೂ ತುಂಬ ಹೊತ್ತು ಕಾಯಿಸಲಿಲ್ಲ. ಬಲಗಡೆಯದೇ ಬಿತ್ತು. ಅಮ್ಮ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಪ್ರಸಾದದ ಹೂವನ್ನು ತಾನು ಮುಡಿಯದೆ ಅಮ್ಮನ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದಳು. ಕೆಲಸ ಆಯಿತಲ್ಲ, ಇನ್ನೂ ಯಾಕೆ ಮುಖ ಗಂಟು ಎಂದು ಅಮ್ಮ ನನ್ನ ಕಿವಿಯಲ್ಲಿ ಅಂದಳು.

ಹೊಸ ಮನೆಯಲ್ಲಿ ದೇವರಿಗೆ ಗೂಡಿರಲಿಲ್ಲ, ಗೋಡೆಗೆ ಬಿಳಿ ಟೈಲ್ಸ್ ಹಾಕಿದ ಪುಟ್ಟ ಕೋಣೆಯಿತ್ತು. ಕರಿ ಪಟವನ್ನು ಅಜ್ಜಿ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲೇ ತಂದಿದ್ದಳು. ದೀಪ ಅದೇ, ಎಣ್ಣೆ ಅದೇ; ಟೈಲ್ಸಿಗೆ ಹೊಗೆ ಹಿಡಿಯುತ್ತದೆ ಎಂದು ಅಮ್ಮ ಗೊಣಗಿದ್ದೂ ಅದೇ. ಬದಲಾದದ್ದು ಒಂದು. ಅಜ್ಜಿ ಈಗ ದೀಪ ಹಚ್ಚಿ, ಕಣ್ಣು ಮುಚ್ಚಿ, "ನುವ್ವುಂಡು ಸಾಮೀ" ಎಂದಷ್ಟೇ ಅನ್ನುತ್ತಿದ್ದಳು. ಅವಸರದ ಮಾತು ಬಿಟ್ಟುಹೋಗಿತ್ತು. ಅಮ್ಮ ಅದನ್ನು ಗಮನಿಸಿದಳು, ಅಪ್ಪನಿಗೂ ಹೇಳಿದಳು. ನೋಡಿದ್ರಾ, ಈಗ ಅಡ್ಡಗಾಲು ಹಾಕಕ್ಕೆ ಏನೂ ಉಳಿದಿಲ್ಲವಲ್ಲ ಎಂದು ಅವಳ ಅರ್ಥ. ಅಪ್ಪ ಹೂಂ ಅಂದ. ತಾಯಿಯ ಜೊತೆ ಅವನ ಮಾತು ಆ ಭಾನುವಾರದಿಂದಲೇ ಕಡಿಮೆಯಾಗಿತ್ತು. ಜಗಳ ಅಂತಲ್ಲ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅನ್ನುವಷ್ಟಕ್ಕೆ ನಿಂತಿತ್ತು. ಸಂಜೆ ಬೇಗ ಬರುವ ಅಪ್ಪ ನಮಗೆ ಸಿಕ್ಕಿದ್ದು ಒಂದು ಮಳೆಗಾಲ ಮಾತ್ರ. ಆಮೇಲೆ ಯಾರೋ ಗೆಳೆಯರ ಜೊತೆ ಸೈಟು ತೋರಿಸುವ ಕೆಲಸಕ್ಕೆ ಇಳಿದ. ಉಳಿದ ಹೊತ್ತೆಲ್ಲ ಅದಕ್ಕೇ ಹೋಯಿತು. ಮನೆಗೆ ಬೈಕು ಬಂತು, ಫ್ರಿಡ್ಜು ಬಂತು, ಮೇಲೊಂದು ಅಂತಸ್ತಿನ ಮಾತೂ ಬಂತು. ಅಪ್ಪ ಮತ್ತೆ ನಾವು ಮಲಗಿದ ಮೇಲೆ ಬರತೊಡಗಿದ. ಅಜ್ಜಿ ಇದರ ಬಗ್ಗೆ ಒಂದೇ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ತಿಥಿಗೆ ಅವಳ ತಮ್ಮ, ಗಡಿಯಾಚೆಯ ಹಳ್ಳಿಯಿಂದ ಚಿನ್ನಪ್ಪ ತಾತ ಹಿಂದಿನ ದಿನವೇ ಬಂದಿದ್ದರು. ಸಂಜೆ ಬಿಸಿಲಿನಲ್ಲಿ ಬಂದು ಜಗಲಿಯ ಮೇಲೆ ಕೂತ ತಾತನನ್ನು ಅಮ್ಮ, "ಸ್ನಾನಕ್ಕೆ ಬಿಸಿನೀರು ಕಾಯಿಸಲಾ ಮಾವ?" ಎಂದು ಕೇಳಿದಳು. "ಅವಸರಂ ಲೇದಮ್ಮಾ" ಅಂದರು ತಾತ. "ಸರಿ ಮಾವ, ಕಾಫಿ ಕುಡಿದು ನಿಧಾನವಾಗೇ ಮಾಡಿ. ಆಮೇಲೇ ಕಾಯಿಸ್ತೀನಿ," ಅಂದಳು ಅಮ್ಮ. ತಾತ ನಕ್ಕುಬಿಟ್ಟರು. "ಆಮೇಲೂ ಬ್ಯಾಡಮ್ಮ. ನಿಮ್ ಕನ್ನಡದ ಅವಸರ ಬ್ಯಾರೆ. ನಮ್ಮಾತ್ನಾಗೆ ಅವಸರಂ ಲೇದು ಅಂದ್ರೆ ಬೇಕಿಲ್ಲ ಅಂತ. ನಂಗೆ ತಣ್ಣೀರೇ ಸಾಕು."

ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ನಿಂತಳು. ತಾತ ಕೈ ಚಾಚಿದ್ದರು, ಇವಳು ಕೊಡಲಿಲ್ಲ. ಅಪ್ಪ ಅಲ್ಲೇ ಗೋಡೆಗೊರಗಿ ನಾಳೆಯ ತಿಥಿಯೂಟದ ಎಲೆ ಒರೆಸುತ್ತಿದ್ದ. ಅಮ್ಮ ಅವನ ಕಡೆ ತಿರುಗಿ, ಅಜ್ಜಿಯ ಮಾತನ್ನು ಇದ್ದಂತೆಯೇ, ಮೊದಲ ಸಲ ತೆಲುಗಿನಲ್ಲೇ ಹೇಳಿದಳು: "ಏಮೀ ಅವಸರಂ ಲೇದು ಸಾಮೀ, ನುವ್ವುಂಡು. ಹಂಗಂದ್ರೇನ್ರೀ?" ಅಪ್ಪನ ಕೈ ನಿಂತಿತು. ಎಲೆಯನ್ನು ಕೆಳಗಿಟ್ಟು, "ನಂಗೇನೂ ಬ್ಯಾಡ ಸಾಮಿ, ನೀನಿರು ಅಂತ," ಅಂದ. ಉಂಡು ಅಂದ್ರೆ ಊಟ ಅಲ್ವಾ ಎಂದು ನಾನು ಕೇಳಿದೆ. "ಅಲ್ಲ, ಇರು ಅಂತ. ಬರೀ ಇರು ಅಂತ." ಆಮೇಲೆ ಅಮ್ಮನಿಗೆ ಅಂದ, ಸಿಟ್ಟಿಲ್ಲದೆ, ತುಂಬ ಸುಸ್ತಾದವನ ಹಾಗೆ: "ನಂಗೆ ತೆಲುಗು ಬತ್ತದೆ ಕಣೇ. ನೀನು ಕನ್ನಡದಾಗೇಳ್ದೆ. ಅವ್ಳೇನಂತಾಳೆ ಅಂತ ಒಂದಿನ ಅವ್ಳ ಪಕ್ಕ ನಿಂತು ನಾನೂ ಕೇಳ್ಳಿಲ್ಲ." ಚಿನ್ನಪ್ಪ ತಾತ ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ನಾನು ಬೇರೆಯದೇ ಯೋಚಿಸುತ್ತಿದ್ದೆ. ಆ ಶುಕ್ರವಾರದ ಮೇಲೆ ಅಜ್ಜಿ ಅರ್ಧ ಮಾತನ್ನು ಯಾಕೆ ಬಿಟ್ಟಳೆಂದು ಆಗ ತಿಳಿಯಿತು. ಜೀವಮಾನವೆಲ್ಲ ಏನೂ ಬೇಡ ಅಂದವಳು ಮಗನಿಗಾಗಿ ಒಂದು ಸಲ ಕೈಯೊಡ್ಡಿ ಕೇಳಿದ್ದಳು. ಕೇಳಿದ ಮೇಲೆ ಏನೂ ಬೇಡ ಎಂದು ಮತ್ತೆ ಹೇಳುವುದು ಅವಳಿಂದ ಆಗಿರಲಿಲ್ಲ. ಬಿಂದಿಗೆ, ನೀರು, ಅಮ್ಮನ ಕೂಗು ಯಾವುದಕ್ಕೂ ಬಿಟ್ಟುಕೊಡದ್ದನ್ನು ಅವಳು ನಮಗೆ ಬಿಟ್ಟುಕೊಟ್ಟಳು. ಅದರ ಬೆಲೆಗೆ ಬಂದ ಮೊಸಾಯಿಕ್ ನೆಲದ ಮೇಲೆ ಕೂತು ನಾವು ಊಟ ಮಾಡಿದೆವು.

ಈಗ ದೀಪ ಹಚ್ಚುವವಳು ಅಮ್ಮ. ಟೈಲ್ಸೆಲ್ಲ ಕಪ್ಪಾಗಿದೆ, ಅವಳು ಉಜ್ಜಲು ಹೋಗುವುದಿಲ್ಲ. ನಾನು ಕೆಲಸದಿಂದ ಬೇಗ ಬಂದ ದಿನ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಚನ್ನಪಟ್ಟಣದ ನಾಲಿಗೆಯಲ್ಲಿ, ತಪ್ಪಿಹೋದೀತೆಂದು ಒಂದೊಂದೇ ಅಕ್ಷರ ಹಿಡಿದು, "ನುವ್ವುಂಡು ಸಾಮೀ" ಅನ್ನುತ್ತಾಳೆ. ಅಷ್ಟಕ್ಕೇ ನಿಲ್ಲಿಸುತ್ತಾಳೆ. ಮೊದಲಿನರ್ಧ ಮರೆತುಹೋಯಿತೇ ಎಂದು ಒಮ್ಮೆ ಕೇಳಿದೆ. ಅಮ್ಮ ಬತ್ತಿ ಸರಿಮಾಡುತ್ತಾ ನನ್ನ ಕಡೆ ನೋಡದೆಯೇ ಹೇಳಿದಳು.

"ಮರೆಯದೇನು ಬಂತು. ನಿನ್ ಕೆಲಸ ಇನ್ನೂ ಖಾಯಂ ಆಗಿಲ್ಲ. ನಿಮ್ಮಪ್ಪಂಗೆ ಮಂಡಿ ನೋವು, ನಿನ್ ತಮ್ಮಂಗೆ ಹೆಣ್ಣು ಸಿಕ್ಕಿಲ್ಲ. ದೇವ್ರ ಮುಂದೆ ನಿಂತ್ಕಂಡು ಸುಳ್ಳು ಹೇಳಕಾಯ್ತದಾ?"